ವಿಜಯಪುರ ಸ್ಟೇಷನ್‌ದಾಗ ಮುಂಜಾನಿ ಇಳದ್ರ ಸಂಜಿ ಗಾಡಿ ತನಕಾ ಏನೇನ್ ಮಾಡಬೇಕು

ಬೆಂಗಳೂರಾಗಿರೋ ನಮ್ಮ ದೋಸ್ತ ಒಬ್ಬಾಂವ ಫೋನ್ ಮಾಡಿ "ಲೇ, ಬರೋ ಐತವಾರ ಹೆಂಡ್ತಿ ಮಕ್ಕಳ್ನ ಕರ್ಕೊಂಡು ನಿಮ್ಮ ಊರಿಗೆ ಬರಾಕತ್ತೀನಿ, ಮುಂಜಾನಿ ಇಳದು ಸಂಜಿಗೆ ಗಾಡಿ ಹತ್ತತೀವಿ, ನೀ ಇರ್ತಿಯಿಲ್ಲೋ" ಅಂದ. ನಾ ಊರಾಗ ಇರಂಗಿಲ್ಲ ಆವತ್ತು. ಅದಕ್ಕ ಅವಂಗ ವಾಟ್ಸಾಪ್‌ದಾಗ ಏನೇನ್ ಮಾಡಬೇಕು ಏನ್ ಮಾಡಬಾರದು ಅಂತ ಉದ್ದಕ ಬರದು ಕಳಿಸಿದೆ, ಬರದಮ್ಯಾಗ ಅನಿಸ್ತು, ಇದು ಅವಂಗ ಒಬ್ಬಂಗ ಅಷ್ಟ ಯಾಕ, ಯಾರ ಬಂದ್ರೂ ಬೇಕಾಗ್ತೈತಲ್ಲ ಅಂತ. ಅದನ್ನ ಸ್ವಲ್ಪ ಹೆಚ್ಚಿಗಿ ಮಾಡಿ ಬರದೀನಿ.

ಮೊದಲ ಟಿಕೆಟ್ ಮಾತು, ಯಾಕಂದ್ರ ಅರ್ಧ ಮಂದಿ ಎಡವೋದು ಇಲ್ಲೇ. ನಮ್ಮ ಸ್ಟೇಷನ್ ಕೋಡ್ ಬಿಜೆಪಿ. ನಗಬ್ಯಾಡ್ರಿ, ಖರೇನ, ಬಿಜಾಪುರ ಅಂತಿದ್ದಾಗ ಇಟ್ಟ ಕೋಡ್ ಅದು, 2014ರ ನವೆಂಬರ್ 1ಕ್ಕ ಊರ ಹೆಸರು ವಿಜಯಪುರ ಆತು, ಕೋಡ್ ಮಾತ್ರ ಹಂಗ ಉಳೀತು. ಆ್ಯಪ್‌ದಾಗ ಹೆಸರ ಹೊಡ್ಯೂದಕ್ಕಿಂತ ಕೋಡ್ ಹೊಡದ್ರ ಗೊಂದಲ ಇರಂಗಿಲ್ಲ. ಬಸ್ಸಿಗೆ ಬರಾವ್ರಂತೂ ಇನ್ನೂ ಹುಷಾರಿರ್ರಿ, ದೇವನಹಳ್ಳಿ ಕಡೆ ಇನ್ನೊಂದು ವಿಜಯಪುರ ಐತಿ, ಮ್ಯಾಪ್ ಹಾಕ್ಕೊಂಡು ಅಲ್ಲಿಗೆ ಹೊಂಟಾವ್ರೂ ಅದಾರ.

ಇನ್ನ ಗಾಡಿ. ಬೆಂಗಳೂರು ಕಡಿಂದ ಬರಾವ್ರಿಗೆ ಎರಡು ಗಾಡಿ ಹೆಸರ ಕೇಳಿರ್ತೀರಿ, ಗೋಲಗುಂಬಜ್ ಎಕ್ಸ್‌ಪ್ರೆಸ್ ಮತ್ತ ಬಸವ ಎಕ್ಸ್‌ಪ್ರೆಸ್. ಎರಡೂ ಮೈಸೂರಿಂದ ಹೊರಡತಾವು, ಎರಡೂ ಬೆಂಗಳೂರು ಮುಟ್ಟತಾವು, ಎರಡೂ ವಿಜಯಪುರಕ್ಕ ಬರತಾವು, ಆದ್ರ ಹಾದಿ ಮಾತ್ರ ಅಜಗಜಾಂತರ. ಗೋಲಗುಂಬಜ್ ಗಾಡಿ ತುಮಕೂರು, ದಾವಣಗೆರೆ, ಹುಬ್ಬಳ್ಳಿ, ಗದಗ, ಬದಾಮಿ, ಬಾಗಲಕೋಟಿ ಮ್ಯಾಲೆ ಹಾದು ತೆಂಕಣ ದಿಕ್ಕಿನಿಂದ ಊರ ಸೇರತೈತಿ. ಬಸವ ಎಕ್ಸ್‌ಪ್ರೆಸ್ ಗುಂತಕಲ್, ರಾಯಚೂರು, ಕಲಬುರಗಿ ಸುತ್ತಿ ಸೊಲ್ಲಾಪುರಕ್ಕ ಹೋಗಿ ಅಲ್ಲಿಂದ ಕೆಳಗ ಇಳೀತೈತಿ, ಅದರ ಕಡೀ ಸ್ಟೇಷನ್ ಬಾಗಲಕೋಟಿ. ನನ್ನ ಅತ್ತಿ ಮಗ ಒಮ್ಮೆ ಇದು ಗೊತ್ತಿಲ್ದ ಬಸವ ಗಾಡಿ ಹತ್ತಿ, ರಾತ್ರಿ ಎಚ್ಚರಾದಾಗ ಬೋರ್ಡಿನ್ಯಾಗ ರಾಯಚೂರು ಅಂತ ಓದಿ, ತಪ್ಪ ಗಾಡಿ ಹತ್ತೀನಿ ಅಂತ ಬ್ಯಾಗ್ ಹಿಡಕೊಂಡು ಇಳದ ಬಿಟ್ಟಿದ್ದ, ಪುಣ್ಯಾಕ್ಕ ಪ್ಲಾಟ್‌ಫಾರ್ಮಿನ್ಯಾಗ ಒಬ್ಬ ಇಂಡಿ ಕಡಿ ಹಿರ್ಯಾರು "ಹತ್ತೋ ತಮ್ಮಾ, ಇದ ಗಾಡಿ" ಅಂತ ಬೈದು ಹತ್ತಿಸಿದ್ರಂತ. ಕರಾವಳಿ ಕಡೆಯಾವ್ರಿಗೆ ಮಂಗಳೂರು–ವಿಜಯಪುರ ಗಾಡಿ ಐತಿ, ಮುಂಬೈ ಕಡಿಂದ ಸೊಲ್ಲಾಪುರ ಮ್ಯಾಲೆ ಹೊಸಪೇಟಿಗೆ ಹೋಗೋ ಗಾಡಿ ಐತಿ, ಹೈದರಾಬಾದ್ ಗಾಡೀನೂ ಐತಿ. ಟೈಮ್ ನಾ ಬರ್ಯಂಗಿಲ್ಲ, ಬದಲಾಗ್ತಾವು, ಹೊರಡೋ ಹಿಂದಿನ ದಿನ ನೀವ ನೋಡಕೋರಿ.

ಟಿಕೆಟ್ 60 ದಿನ ಮೊದಲ ಓಪನ್ ಆಗತೈತಿ. ಉಳಿದ ದಿನ ಹೆಂಗಾರ ಸಿಗತೈತಿ ಬಿಡ್ರಿ, ಆದ್ರ ಎರಡು ಹೊತ್ತು ಮಾತ್ರ ಕೈ ಹಾಕಬ್ಯಾಡ್ರಿ. ಒಂದು, ಆಷಾಢ ಏಕಾದಶಿ ಮತ್ತ ಕಾರ್ತಿಕ ಏಕಾದಶಿ ಆಸುಪಾಸು, ಯಾಕಂದ್ರ ಗೋಲಗುಂಬಜ್ ಗಾಡಿ ಈಗ ಪಂಢರಪುರ ತನಕಾ ಹೋಗತೈತಿ, ಕೊರಳಾಗ ತುಳಸಿ ಮಾಲಿ ಹಾಕ್ಕೊಂಡು ತಾಳ ಹಿಡದ ಮಂದಿ ಸ್ಲೀಪರ್ ಬೋಗಿನ್ಯಾಗೂ ಕಾಲಿಡಾಕ ಜಾಗಾ ಬಿಡಂಗಿಲ್ಲ. (ಭಜನಿ ಕೇಳಬೇಕಂದ್ರ ಮಾತ್ರ ಇದರಂಥಾ ಪ್ರಯಾಣ ಇನ್ನೊಂದಿಲ್ಲ, ನಾ ಒಮ್ಮೆ ನಿಂತ ಬಂದೀನಿ, ಕಾಲು ಹೋದ್ವು, ಬ್ಯಾಸರ ಆಗಲಿಲ್ಲ.) ಎರಡನೇದು ಸಂಕ್ರಾಂತಿ, ಸಿದ್ಧೇಶ್ವರ ಜಾತ್ರಿ. ಊರಿಗೆ ಊರ ತುಂಬಿರತೈತಿ, ಲಾಜ್ ಸಿಗಂಗಿಲ್ಲ. ತತ್ಕಾಲ್ ಮಾಡ್ಸಾವ್ರು ಎಸಿಗೆ ಮುಂಜಾನಿ 10ಕ್ಕ, ಸ್ಲೀಪರಿಗೆ 11ಕ್ಕ ಕುಂದರಬೇಕು, ಅಕೌಂಟಿಗೆ ಆಧಾರ್ ಜೋಡಣಿ ಆಗಿರಬೇಕು ಅನ್ನೋದು ಮರೀಬ್ಯಾಡ್ರಿ, ಬಾಳ ಮಂದಿ ಹತ್ತ ಗಂಟೇಕ್ಕ ಕುಂತು ಆವಾಗ ಓಟಿಪಿ ಹುಡುಕತಾರ.

ಇಳಿಯೋ ತಯಾರಿ ಯಾವಾಗ ಮಾಡಬೇಕು ಅಂತ ಕೇಳಿದ್ರ, ದಕ್ಷಿಣದಿಂದ ಬರಾವ್ರಿಗೆ ಗುರ್ತು ಆಲಮಟ್ಟಿ. ಕೃಷ್ಣಾ ನದಿ ದಾಟೋ ಸದ್ದಿಗೇ ಎಚ್ಚರ ಆಗತೈತಿ, ಕಿಟಕಿ ತಗದು ನೋಡ್ರಿ, ಎಲ್ಲಿ ನೋಡಿದಲ್ಲಿ ನೀರು. ಅಲ್ಲಿಂದ ಬಸವನಬಾಗೇವಾಡಿ ರೋಡ್ ಸ್ಟೇಷನ್ ದಾಟಿತಂದ್ರ ಹಲ್ಲ ತಿಕ್ಕಿ, ಚಾದರ ಮಡಚಿ, ಮಕ್ಕಳ್ನ ಎಬ್ಬಿಸ್ರಿ. ನಡುವ ಕೂಡಗಿ ಐತಿ, ಎನ್‌ಟಿಪಿಸಿ ಕರೆಂಟಿನ ಕಾರಖಾನಿ, ಕಲ್ಲಿದ್ದಲಿನ ಗೂಡ್ಸ್ ಗಾಡಿ ಸಾಲ ಸಾಲ ಕಾಣತಾವು, ಒಮ್ಮೊಮ್ಮೆ ನಿಮ್ಮ ಗಾಡಿ ಲೇಟ್ ಆಗೂದಕ್ಕ ಅವೂ ಕಾರಣ. ಸೊಲ್ಲಾಪುರ ಕಡಿಂದ ಬರಾವ್ರಿಗೆ ಇಂಡಿ ರೋಡ್ ಆದಮ್ಯಾಗ ನಿಂಬಾಳ ಬರತೈತಿ, ಗುರುದೇವ ರಾನಡೆಯವರ ಆಶ್ರಮ ಇರೋ ಊರು, ಅದು ಬಂತಂದ್ರ ಬೂಟು ಹಾಕ್ಕೋರಿ.

ಬಾಗಲಕೋಟಿ ಕಡಿಂದ ಬರುವಾಗ ಎಡಗಡೆ ಕಿಟಕಿ ಹಿಡೀರಿ. ಬಯಲು ಸೀಮಿ, ಅಡ್ಡ ಗುಡ್ಡ ಇಲ್ಲ ಏನಿಲ್ಲ, ಊರು ಕಾಣೋಕಿಂತ ಮೊದಲ ಗುಮ್ಮಟ ಕಾಣತೈತಿ. ಮೊದಲ ಸಲ ನೋಡಾವ್ರು ನೀರಿನ ಟಾಕಿ ಅನ್ಕೋತಾರ, ಹತ್ರ ಬಂದಂಗ ಬಂದಂಗ ಸುಮ್ಮನಾಗ್ತಾರ.

ಈಗ ಇಳದ್ರಿ. ಸ್ಟೇಷನ್ನಿನ ಬಗ್ಗೆ ಎರಡು ಮಾತು ಹೇಳ್ತೀನಿ, ಇದು ಗೊತ್ತಿದ್ರ ಊರು ತಿಳಿಯೂದು ಹಗರ ಆಗತೈತಿ. ಈ ಹಳಿ ಬಂದದ್ದು 1884ರಾಗ, ಸದರ್ನ್ ಮರಾಠಾ ರೈಲ್ವೆಯವ್ರು ಹೋಟಗಿಯಿಂದ ಗದಗ ತನಕಾ ಹಾಕಿದ ಮೀಟರ್ ಗೇಜ್ ಲೈನು. 1876–78ರ ದೊಡ್ಡ ಬರದಾಗ ಈ ಭಾಗದಾಗ ಮಂದಿ ಸತ್ತದ್ದಕ್ಕ ಲೆಕ್ಕ ಇರಲಿಲ್ಲ, ಕಾಳು ಸಾಗಸಾಕ ಹಾದಿ ಇರಲಿಲ್ಲ, ಅದಾದ ಮ್ಯಾಲೆನ ಬರಕ್ಕ ಅಂತ ಈ ಲೈನ್ ಹಾಕಿದ್ದು. ಆಗ ಜಿಲ್ಲಾ ಕಚೇರಿ ಇದ್ದದ್ದು ಕಲಾದಗಿಯಾಗ, ಬಿಜಾಪುರ ಅಂದ್ರ ಹಾಳು ಬಿದ್ದ ಅರಮನಿಗಳ ಊರು. ರೈಲ್ ಬಂದ ಮರುವರ್ಷ, 1885ರಾಗ, ಜಿಲ್ಲಾ ಕಚೇರಿ ಇಲ್ಲಿಗೆ ಬಂತು, ಸಾಹೇಬರು ಹಳೇ ಮಹಲುಗಳನ್ನ ರಿಪೇರಿ ಮಾಡಿ ಕಚೇರಿ ಬಂಗಲೆ ಮಾಡ್ಕೊಂಡ್ರು. ಅಷ್ಟ ಅಲ್ಲ, ಗೋಲಗುಂಬಜ್ ಮಗ್ಗಲದ ಮಸೀದಿನ ಪ್ರವಾಸಿ ಬಂಗಲೆ ಮಾಡಿದ್ರು, ರೈಲ್ ಇಳದು ಬಂದ ಗೋರಾ ಮಂದಿ ಅಲ್ಲೇ ಮಲಗತಿದ್ರು, ಲಾರ್ಡ್ ಕರ್ಜನ್ ಬಂದು ನೋಡಿ ಇದೇನಿದು ಅಂತ ಬಿಡಿಸಿದ. ನೀವು ಅಲ್ಲಿ ನಿಂತಾಗ ಇದನ್ನ ನೆನಸ್ಕೋರಿ, ಅಂದ್ರ "ಲಾಜ್ ದುಬಾರಿ" ಅನ್ನೋ ಸಿಟ್ಟು ಸ್ವಲ್ಪ ಇಳೀತೈತಿ.

ಸ್ಟೇಷನ್ನಿನಿಂದ ಹೊರಗ ಬಂದ ಮೊದಲನೇ ಒಂದು ತಾಸು ಐತಲ್ಲ, ಅದನ್ನ ಮಾತ್ರ ಹಾಳ ಮಾಡ್ಕೋಬ್ಯಾಡ್ರಿ, ನಾ ಇಷ್ಟುದ್ದ ಬರ್ಯಾಕತ್ತಿದ್ದ ಇದನ್ನ ಹೇಳಾಕ. ಎಲ್ಲಾರೂ ಏನ್ ಮಾಡ್ತಾರ ಅಂದ್ರ ಆಟೋ ಹತ್ತಿ ಊರ ನಡುವ ಹೋಗಿ, ಲಾಜ್ ಹುಡುಕಿ, ಸ್ನಾನ ಮಾಡಿ, ನಾಷ್ಟಾ ಮಾಡಿ, ಹನ್ನೊಂದಕ್ಕ ವಾಪಸ್ ಇದ ಕಡೆ ಗೋಲಗುಂಬಜ್ ನೋಡಾಕ ಬರತಾರ. ಅಷ್ಟೊತ್ತಿಗೆ ಶಾಲಿ ಟ್ರಿಪ್ಪಿನ ಬಸ್ ಆರು ಬಂದು ನಿಂತಿರತಾವು. ಗುಮ್ಮಟದೊಳಗ ನೂರು ಹುಡುಗರು "ಓ..." ಅಂತ ಒದರತಿರ್ತಾರ, ನಿಮಗ ಕೇಳಾಕ ಸಿಗೋದು ಗದ್ದಲ ಅಷ್ಟ. ಸ್ಟೇಷನ್ ಇರೋದು ಊರ ಮೂಡಣ ತುದಿಗೆ, ಗೋಲಗುಂಬಜ್ ಇರೋದೂ ಅದ ಕಡೆ, ನಡಕೊಂಡ ಹೋಗೋವಷ್ಟ ಹತ್ರ. ಆಟೋನೇ ಬೇಕಂದ್ರ ಮಾಡ್ರಿ, ಹತ್ತೋಕಿಂತ ಮೊದಲ ರೊಕ್ಕ ಮಾತಾಡ್ರಿ, "ಎಲ್ಲಾ ತೋರಸ್ತೀನಿ ಸಾಹೇಬ್ರ, ಫುಲ್ ಡೇ" ಅಂದ್ರ ಈಗ ಬ್ಯಾಡ, ಆಮ್ಯಾಗ ನೋಡೋಣು ಅನ್ರಿ. ನಾ ಈ ಊರಾಂವ ಆಗಿ, ಒಮ್ಮೆ ಪುಣೆಯಿಂದ ಬಂದಾಗ ಕೂದಲ ಉದ್ದ ಬಿಟ್ಟಿದ್ದೆ, ಹೊರಗಿನಾಂವ ಅನ್ಕೊಂಡು ಒಬ್ಬಾಂವ ಮನಿಗೆ ಬಿಡಾಕ ಅರ್ಧ ಊರ ಸುತ್ತಿಸಿದ, ಕಡೀಕ ನಾನು "ಯಣ್ಣಾ, ಈ ಗಲ್ಲಿಯಾಗ ನಮ್ಮ ಸೋದರಮಾವನ ಮನಿ ಐತಿ" ಅಂದಾಗ ಗಾಡಿ ತಿರುಗಿಸಿದ. ಎಲ್ಲಾರೂ ಹಂಗಿಲ್ಲ ಮತ್ತ, ಎಷ್ಟೋ ಮಂದಿ ಮರತ ಹೋದ ಬ್ಯಾಗ್ ಹುಡುಕಿ ತಂದ ಕೊಟ್ಟಾರ. ಟಾಂಗಾ ಈಗ ಕಮ್ಮಿ ಆಗ್ಯಾವು, ಸಿಕ್ರ ಮಕ್ಕಳ್ನ ಹತ್ತಿಸ್ರಿ, ಆ ಕುದರಿ ಲಾಳದ ಸಪ್ಪಳ ಇನ್ನ ಎಷ್ಟು ದಿನ ಇರತೈತೋ.

ಲಗೇಜ್ ಏನ್ ಮಾಡೂದು ಅಂತೀರಿ. ಒಂದ ದಿನಕ್ಕ ಬರಾವ್ರು ಒಬ್ಬೊಬ್ಬರು ಒಂದೊಂದು ಬೆನ್ನಿನ ಬ್ಯಾಗ್ ಅಷ್ಟ ತರ್ರಿ, ಅದ ಎಲ್ಲಾಕ್ಕಿಂತ ಚಲೋ. ದೊಡ್ಡ ಸೂಟ್‌ಕೇಸ್ ಇದ್ರ ಸ್ಟೇಷನ್ನಿನ್ಯಾಗ ವಿಚಾರಸ್ರಿ, ರೈಲ್ವೆ ಕ್ಲೋಕ್ ರೂಮಿನ್ಯಾಗ ಎಲ್ಲೇ ಆಗಲಿ ಕೀಲಿ ಹಾಕಿದ ಬ್ಯಾಗ್ ಅಷ್ಟ ತಗೋತಾರ, ಟಿಕೆಟ್ ತೋರಸಬೇಕು. ಅದಾಗಲಿಲ್ಲ ಅಂದ್ರ ಒಬ್ಬರು ಲಗೇಜ್ ತಗೊಂಡು ಲಾಜ್ ಕಡೆ ಹೋಗ್ರಿ, ಉಳದಾವ್ರು ಗುಮ್ಮಟಕ್ಕ ಹೋಗ್ರಿ, ಜಗಳ ಆದ್ರ ನನ್ನ ಹೆಸರ ಹೇಳಬ್ಯಾಡ್ರಿ. ಸರಕಾರದ ಮಯೂರ ಆದಿಲ್‌ಶಾಹಿ ಹೋಟೆಲ್ ಐತಿ, ಗಾಂಧಿ ಚೌಕ ಸುತ್ತಮುತ್ತ ಲಾಜ್ ಅದಾವು. ಮುಖ ತೊಳಕೊಳ್ಳೂದು, ಬಟ್ಟಿ ಬದಲಿ ಮಾಡೂದು ವೇಟಿಂಗ್ ರೂಮಿನ್ಯಾಗ ಮುಗಸ್ರಿ, ಟಿಕೆಟ್ ಪಿಎನ್‌ಆರ್ ಕೈಯಾಗ ಇಟ್ಕೋರಿ, ಕೇಳತಾರ.

ಗೋಲಗುಂಬಜ್ ಮುಂಜಾನಿ ಲಗೂನ ತಗೀತಾರ. ಒಳಗ ಹೋದಕೂಡ್ಲೆ ಫೋಟೋ ಹೊಡೀಬ್ಯಾಡ್ರಿ, ಸುಮ್ಮ ನಡುವ ನಿಂತು ಮ್ಯಾಲೆ ನೋಡ್ರಿ. ಒಂದು ಕಂಬ ಇಲ್ಲ. 44 ಮೀಟರ್ ಅಡ್ಡಗಲದ ಗುಮ್ಮಟ, ಕೆಳಗ ಮುಹಮ್ಮದ್ ಆದಿಲ್‌ಶಾಹನ ಗೋರಿ, 1656ರಾಗ ಅವ ತೀರಿಕೊಂಡ. ಆಮ್ಯಾಗ ಮೂಲಿ ಗೋಪುರದ ಮೆಟ್ಟಲ ಹತ್ತರಿ, ಏಳು ಅಂತಸ್ತು, ಮೆಟ್ಟಲ ಇಕ್ಕಟ್ಟು, ಮಣಕಾಲ ನೋವಿನಾವ್ರು ಅವಸರ ಮಾಡಬ್ಯಾಡ್ರಿ, ಪ್ರತಿ ಅಂತಸ್ತಿನ್ಯಾಗ ಕಿಂಡಿ ಅದಾವು, ನಿಂತು ಗಾಳಿ ತಗೋರಿ. ಪಿಸುಗುಟ್ಟೋ ಗ್ಯಾಲರಿಗೆ ಹೋಗಿ ಒಬ್ಬರು ಈ ಕಡೆ ಒಬ್ಬರು ಎದುರಿನ ಕಡೆ ಗ್ವಾಡಿಗೆ ಕಿವಿ ಹಚ್ಚಿ ಕುಂದರ್ರಿ. ಒದರಬ್ಯಾಡ್ರಿ, ಕೈಮುಗೀತೀನಿ, ಒದರಬ್ಯಾಡ್ರಿ. ಒಂದು ಕಾಗದ ಹರೀರಿ, ಕಡ್ಡಿಪೆಟ್ಟಿಗಿ ಅಲುಗಾಡಸ್ರಿ, ಮೆಲ್ಲಕ ಹೆಸರ ಕರೀರಿ. ನಮ್ಮ ಅವ್ವ ಹೇಳ್ತಾಳ, ಮದುವಿಯಾದ ಹೊಸದಾಗ ಅಪ್ಪ ಎಲ್ಲಾರ ಮುಂದ ಹೆಸರ ಹಿಡದು ಕರದದ್ದು ಅಲ್ಲೇ ಅಂತ, ಮನಿಯಾಗ ಅತ್ತಿ ಮಾವ ಇರ್ತಿದ್ರು, ಅಲ್ಲಿ ಗ್ವಾಡಿ ಅಷ್ಟ ಇತ್ತು. ಗ್ಯಾಲರಿಯಿಂದ ಹೊರಗಿನ ಕಟ್ಟಿಗೆ ಬಂದ್ರ ಇಡೀ ಊರು, ಗುಮ್ಮಟದ ಮ್ಯಾಲೆ ಗುಮ್ಮಟ, ಮಿನಾರು, ಬೇವಿನ ಗಿಡ. ನಿಮ್ಮ ಉಳದ ದಿನದ ಹಾದಿ ಪೂರಾ ಇಲ್ಲಿಂದನ ಕಾಣತೈತಿ, ಪಡುವಣಕ್ಕ ನೋಡ್ರಿ. ಮುಂದಿರೋ ನಗಾರಖಾನಿಯಾಗ ಪುರಾತತ್ವ ಇಲಾಖಿ ಮ್ಯೂಸಿಯಂ ಐತಿ, ಶುಕ್ರವಾರ ಬಂದ್, ಅದು ತಗಿಯೂದು ಹತ್ತಕ್ಕ, ಅಷ್ಟರಾಗ ನಾಷ್ಟಾ ಮುಗಿಸಿ ಬರಬಹುದು.

ನಾಷ್ಟಾಕ್ಕ ಇಡ್ಲಿ ದೋಸಿ ತಿನ್ನಾಕ ಇಲ್ಲಿತನಾ ಬಂದೀರೇನು. ಸೂಸಲಾ (ನೆನಸಿದ ಚುರಮರಿ ಒಗ್ಗರಣಿ), ಮಿರ್ಚಿ ಭಜಿ ಸಿಗೋ ಗಾಡಿ ಹುಡುಕರಿ, ಮ್ಯಾಲೊಂದು ಕಡಕ ಚಹಾ. ಮಧ್ಯಾಹ್ನಕ್ಕ ಯಾವುದರ ಖಾನಾವಳಿಗೆ ಹೋಗ್ರಿ, ಹೊರಗ ಬೋರ್ಡ್ ಚಂದ ಇದ್ದದ್ದು ಬ್ಯಾಡ, ಒಳಗ ರೊಟ್ಟಿ ಬಡ್ಯೋ ಸಪ್ಪಳ ಬರೋದು ಆರಸ್ರಿ. ಬಿಸಿ ಜೋಳದ ರೊಟ್ಟಿ, ಎಣ್ಣಿಗಾಯಿ, ಕಾಳಪಲ್ಲೆ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಖಾರ ಕಮ್ಮಿ ಅಂತ ಹೇಳಿದ್ರ ಅವ್ರು ಹೂಂ ಅಂತಾರ, ಖಾರ ಅಷ್ಟ ಇರತೈತಿ, ಮೊಸರು ಹೆಚ್ಚಿಗಿ ಹಾಕಿಸ್ಕೋರಿ.

ಉಳದ ಹಾದಿ ಬಾಳ ಸರಳ. ಮೂಡಣದಿಂದ ಪಡುವಣಕ್ಕ ಒಂದ ಗೆರಿ ಎಳದಂಗ, ಹಿಂದ ಮುಂದ ತಿರುಗಾಡೋ ಗರಜು ಇಲ್ಲ. ಗುಮ್ಮಟ ಆದಮ್ಯಾಗ ಜುಮ್ಮಾ ಮಸೀದಿ, ನಮಾಜಿನ ಹೊತ್ತು ಬಿಟ್ಟು ಹೋಗ್ರಿ, ತಲಿ ಮ್ಯಾಲೆ ಬಟ್ಟಿ, ಸದ್ದು ಕಮ್ಮಿ. ಆಮ್ಯಾಗ ಕೋಟಿ ಒಳಗಿನ ಗಗನ ಮಹಲ್, ಅದರ ಹತ್ರ ಬಾರಾ ಕಮಾನ್, ಎರಡನೇ ಅಲಿ ಆದಿಲ್‌ಶಾಹ ತನಗ ಗೋರಿ ಕಟ್ಟಿಸಾಕ ಹೋಗಿ ಮುಗಿಯೋಕಿಂತ ಮೊದಲ 1672ರಾಗ ತೀರಿಕೊಂಡ, ಬರೇ ಕಮಾನ ಉಳದಾವು, ನನಗ ಕೇಳಿದ್ರ ಮುಗದಿದ್ರ ಇಷ್ಟ ಚಂದ ಕಾಣತಿರಲಿಲ್ಲ. ಮಧ್ಯಾಹ್ನದ ಬಿಸಲಾಗ, ಏಪ್ರಿಲ್ ಮೇ ಆದ್ರಂತೂ, ಹನ್ನೆರಡರಿಂದ ಮೂರರ ತನಕಾ ಎಲ್ಲೂ ಹೋಗಬ್ಯಾಡ್ರಿ, ಕಲ್ಲು ಕಾದಿರತೈತಿ, 40 ಡಿಗ್ರಿ ಮ್ಯಾಲೆ ಇರತೈತಿ, ಊಟ ಮಾಡಿ ಎಲ್ಲ್ಯಾರ ಫ್ಯಾನ್ ಕೆಳಗ ಅಡ್ಡಾಗ್ರಿ.

ಮೂರರ ಮ್ಯಾಲೆ ಆಟೋದಾವ್ರ ಜೋಡಿ "ಉಪ್ಪಲಿ ಬುರುಜು, ಮಲಿಕ್-ಎ-ಮೈದಾನ್, ಇಬ್ರಾಹಿಂ ರೋಜಾ, ವಾಪಸ್ ಸ್ಟೇಷನ್" ಅಂತ ನಾಲ್ಕೂ ಸೇರಿಸಿ ಒಂದ ರೇಟ್ ಮಾತಾಡ್ರಿ, ನಿಲ್ಲಸೋ ಹೊತ್ತೂ ಹೇಳಿ ಬಿಡ್ರಿ. ಸಂಜಿ ಗಾಡಿ ಟೈಮ್ ಲಗೂ ಇದ್ರ ಬುರುಜು ಬಿಡ್ರಿ, ರೋಜಾ ಬಿಡಬ್ಯಾಡ್ರಿ. ಮಲಿಕ್-ಎ-ಮೈದಾನ್ ತೋಪು 55 ಟನ್ ತೂಕ, 1549ರಾಗ ಅಹ್ಮದನಗರದಾಗ ಎರಕ ಹೊಯ್ದದ್ದು, ಬಾಯಿ ನೋಡ್ರಿ, ಸಿಂಹದ ಬಾಯಾಗ ಆನಿ ಸಿಕ್ಕೊಂಡೈತಿ. ಇದನ್ನ 1854ರಾಗ 150 ರೂಪಾಯಿಗೆ ಹರಾಜ ಹಾಕಿದ್ರಂತ, ಆಮ್ಯಾಗ ಬುದ್ಧಿ ಬಂದು ಬಿಟ್ರು. ನೀವು ಆಟೋಕ್ಕ ಕೊಟ್ಟದ್ದು ಅದಕ್ಕಿಂತ ಹೆಚ್ಚಿಗಿ ಇರತೈತಿ. ಇಬ್ರಾಹಿಂ ರೋಜಾ ಪಡುವಣ ಕಡೀ ತುದಿಗೆ, ಎರಡನೇ ಇಬ್ರಾಹಿಂ ಆದಿಲ್‌ಶಾಹನದು, 1627ರ ಸುಮಾರಿಗೆ ಮುಗದದ್ದು, ಮಲಿಕ್ ಸಂದಲ್ ಕಟ್ಟಿದ್ದು. ಗೋಲಗುಂಬಜ್ ದೊಡ್ಡದು, ರೋಜಾ ಚಂದದ್ದು, ಇದರಾಗ ನನ್ನ ಜೋಡಿ ವಾದಾ ಮಾಡಬ್ಯಾಡ್ರಿ. ಗ್ವಾಡಿ ತುಂಬ ಕಲ್ಲಿನ್ಯಾಗ ಕೊರದ ಅಕ್ಷರ, ಸಂಜಿ ಬಿಸಲು ಬಿದ್ರ ಎದ್ದ ಕಾಣತಾವು. ಅದಕ್ಕ ಗುಮ್ಮಟ ಮುಂಜಾನಿ, ರೋಜಾ ಸಂಜಿ ಅಂತ ನಾ ಹೇಳೂದು.

ಸ್ಟೇಷನ್ನಿಗೆ ಅರ್ಧ ತಾಸು ಮೊದಲ ಬರ್ರಿ. ರೋಜಾದಿಂದ ಸ್ಟೇಷನ್ ಅಂದ್ರ ಊರ ಈ ತುದಿಯಿಂದ ಆ ತುದಿ, ಗಾಂಧಿ ಚೌಕದಾಗ ಸಂಜಿ ಹೊತ್ತು ಗದ್ದಲ ಇರತೈತಿ, ನಡುವ "ಒಂದ ಸೀರಿ ಅಂಗಡಿ ಅಷ್ಟ" ಅಂದಾವ್ರ ಗಾಡಿ ತಪ್ಪಿದ್ದು ನಾ ಕಣ್ಣಾರೆ ನೋಡೀನಿ. ಗಾಡಿ ಎಲ್ಲೈತಿ ಅನ್ನೋದು ಮೊಬೈಲ್‌ದಾಗ ನೋಡ್ರಿ, ಆದ್ರ ಮೊಬೈಲ್ ಲೇಟ್ ಅಂತು ಅಂತ ಚಹಾ ಕುಡಕೋತ ಕುಂದರಬ್ಯಾಡ್ರಿ, ಲೇಟ್ ಇದ್ದ ಗಾಡಿ ಒಮ್ಮೊಮ್ಮೆ ಓಡಿ ಬಂದು ಬಿಡತೈತಿ. ಯಾವ ಪ್ಲಾಟ್‌ಫಾರ್ಮ್ ಅಂತ ಅನೌನ್ಸ್‌ಮೆಂಟ್ ಕಿವಿಗೊಟ್ಟು ಕೇಳ್ರಿ, ಕಡೀ ಗಳಿಗಿಯಾಗ ಬದಲಿ ಆದ್ರ ಮೆಟ್ಟಲ ಸೇತುವಿ ಹತ್ತಿ ಇಳಿಯಾಕ ವಯಸ್ಸಾದವ್ರಿಗೆ ತ್ರಾಸ ಆಗತೈತಿ. ಬಿಡಾಕ ಬಂದ ಬೀಗರು ಪ್ಲಾಟ್‌ಫಾರ್ಮ್ ಟಿಕೆಟ್ ತಗೊಳ್ಳಿ, ಹತ್ತ ರೂಪಾಯಿಗೆ ದಂಡ ಕಟ್ಟಬ್ಯಾಡ್ರಿ. ಏನರ ತಕರಾರ ಇದ್ರ, ಸಾಮಾನ ಕಳದ್ರ 139ಕ್ಕ ಹಚ್ಚರಿ.

ರಾತ್ರಿ ಊಟಕ್ಕ ಖಾನಾವಳಿಯಿಂದನ ರೊಟ್ಟಿ ಹಿಂಡಿ ಕಟ್ಟಿಸ್ಕೋರಿ, ಕಡಕ ರೊಟ್ಟಿ ಆದ್ರ ಎರಡು ದಿನ ಇದ್ರೂ ಏನಾಗಂಗಿಲ್ಲ. ಒಂದು ಪಾವ ಕಿಲೋ ಇಂಡಿ ಲಿಂಬಿಕಾಯೂ ತಗೋರಿ, ಜಿಐ ಟ್ಯಾಗ್ ಸಿಕ್ಕ ಲಿಂಬಿ, ಗಾಡಿಯಾಗ ವಾಕರಿಕಿ ಬಂದ್ರ ಮೂಸಾಕೂ ಆತು, ಮನಿಗೆ ಹೋಗಿ ಉಪ್ಪಿನಕಾಯಿಗೂ ಆತು. ಹುಬ್ಬಳ್ಳಿ ಕಡೆ ಹೊರಡೋ ಗಾಡಿಯಾಗ ಈ ಸಲ ಬಲಗಡೆ ಕಿಟಕಿ ಹಿಡೀರಿ, ಹಿಂದಕ್ಕ ಹೊಳ್ಳಿ ನೋಡ್ರಿ, ಹೊತ್ತ ಮುಳಗೋ ಟೈಮಿಗೆ ಗುಮ್ಮಟ ಕರ್ರಗ ನಿಂತಿರತೈತಿ. ರೊಟ್ಟಿ ಗಂಟು ಆಲಮಟ್ಟಿ ದಾಟಿದ ಮ್ಯಾಲೆ ಬಿಚ್ಚರಿ, ಅದಕ್ಕಿಂತ ಮೊದಲ ಬಿಚ್ಚಿದ್ರ ಅರ್ಧ ಬೋಗಿ ನಿಮ್ಮ ಕಡೆ ನೋಡತೈತಿ, ಕೊಡದ ತಿನ್ನಾಕ ಬರಂಗಿಲ್ಲ.